ಬಸ್ತಾದ ಗಂಟು

ಬೀದರದಿಂದ ಕಲಬುರಗಿಗೆ ನೂರಾ ಹತ್ತು ಕಿಲೋಮೀಟರ್.
ರಾತ್ರಿ ಹನ್ನೊಂದಕ್ಕೆ, ಕೂತಲ್ಲೇ ಕೂತು,
ಅಲ್ಲಿನ ದಾಖಲೆ ಕೋಣೆಯ ಬಾಗಿಲು ತಟ್ಟಿದೆ.
ಈಗ ಅದೊಂದು ಕರಿ ಡಬ್ಬಿ, ಹಸಿರು ದೀಪ, ಎರಡು ಫ್ಯಾನು.
ಹೆಸರು ಹೇಳಿದೆ, ಪಾಸ್‌ವರ್ಡ್ ಹೇಳಿದೆ,
ಒಳಗೆ ಬಿಟ್ಟಿತು.

ನಕಲು ಶುರುವಾಯಿತು.
ಆಳಂದ, ಅಫಜಲಪುರ, ಚಿಂಚೋಳಿ, ಸೇಡಂ
ಕಡೆಯ ಬಸ್ಸಿನ ಕಂಡಕ್ಟರ್ ಕೂಗಿದ ಹಾಗೆ.
ನಡುವೆ ಒಂದು ಸಾಲು: ಅನುಮತಿ ಇಲ್ಲ.
ಮತ್ತೊಂದು. ಅನುಮತಿ ಇಲ್ಲ.
ಆಮೇಲೆ ಬಾಣಲೆಯಲ್ಲಿ ಜೋಳ ಅರಳಿದಂಗ ಪಟಪಟ ಪಟಪಟ.

ಬೆಳಿಗ್ಗೆ ನೋಡಿದರೆ ನೂರಕ್ಕೆ ಎಂಬತ್ತು ಬಂದಿದೆ.
ಬಂದ ಎಂಬತ್ತೂ ನನ್ನ ಹೆಸರಿಗೆ.
ಒಡೆಯರು: ಮಹಾನಂದಾ. ಕೆಳಗೆ ಮಹಾನಂದಾ.
ಇನ್ನೂ ಕೆಳಗೆ, ಬೆರಳು ಸೋಲುವ ತನಕ, ಮಹಾನಂದಾ.
ಒಂದು ಗುಂಟೆ ಹೊಲ ಇಲ್ಲದ ನಾನು
ಒಂದೇ ರಾತ್ರಿಗೆ ನಾಲ್ಕು ತಾಲೂಕಿನ ಪಹಣಿಗೆ ಮಾಲಕಿ.
ನಗು ಬಂತು. ಆಮೇಲೆ ಬರಲಿಲ್ಲ.

ರುಕ್ನುದ್ದೀನರಿಗೆ ಫೋನ್ ಹಚ್ಚಿದೆ.
ಮೂವತ್ತೆರಡು ವರ್ಷ ಅದೇ ಕೋಣೆಯ ಜವಾನ,
ಈ ತಿಂಗಳ ಕಡೆಗೆ ನಿವೃತ್ತಿ.
ಆ ಡಬ್ಬಿಯ ಬಗ್ಗೆ ಅವರಿಗೆ ಗೊತ್ತಿರುವುದು
ಅದರ ಮೇಲಿನ ಧೂಳು ಮಾತ್ರ.

"ಕೇಳ್ರಿ ಬಾಯಿ," ಅಂದರು.
"ಬಸ್ತಾಕ್ಕ ಕೆಂಪು ಅರಿವಿ. ಅರಿವಿಗೆ ಗಂಟು.
ಒಂದ ಗಂಟಿದ್ರ ಯಾರ ಬೇಕಾದ್ರೂ ಬಿಚ್ಚಿ ಓದಬಹುದು.
ಎರಡಿದ್ರ ಗುಮಾಸ್ತರು ಅಷ್ಟ.
ಮೂರಿದ್ರ ಸಾಹೇಬರು ಖುದ್ದ ಬರಬೇಕು,
ನಾ ಕಂದೀಲು ಹಿಡದು ಬಾಗಲದಾಗ ನಿಂದ್ರಬೇಕು,
ಒಳಗ ನೋಡಬಾರದು.
ಹೊಸ ಕಟ್ಟಡಕ್ಕ ಹೋಗೋವಾಗ ಗುತ್ತಿಗಿ ಹುಡುಗರು ಬಂದ್ರು.
ಛಲೋ ಹುಡುಗರು. ಒಂದು ಹಾಳಿ ಕಳೀಲಿಲ್ಲ, ಹರೀಲಿಲ್ಲ.
ಎಲ್ಲಾ ಬಸ್ತಾ ಬಿಚ್ಚಿ ಜಾಡಿಸಿ
ಎಲ್ಲಾದಕ್ಕೂ ಒಂದ ನಮೂನಿ ಗಂಟು ಹಾಕಿದ್ರು.
ಅವತ್ತ ನಾ ಊಟಾ ಮಾಡ್ಲಿಲ್ಲ.
ಕಾಗದ ಎಲ್ಲಾ ಬಂದಾವು, ಖರೆ.
ಗಂಟು ಬರಲಿಲ್ಲ."

ಪೂರ್ತಿ ಕೀಲಿ ಕೇಳಲು ಸಾಹೇಬರ ಹತ್ತಿರ ಹೋದೆ.
ಎಲ್ಲಾ ಓದೋ ಅಧಿಕಾರ ನಿಮಗ್ಯಾಕ?
ಓದುವುದಿಲ್ಲ ಸರ್, ಎತ್ತಿಡುತ್ತೇನೆ.
ಎರಡರಾಗ ಫರಕ್ ಏನು?
ಹೆಣ ತೊಳೆಯುವವರ ಕಣ್ಣೆದುರು ಮೈಯೆಲ್ಲ ಇರುತ್ತದೆ,
ಅವರು ನೋಡುವುದಿಲ್ಲ,
ಎನ್ನಬೇಕಿತ್ತು. ಹೊಳೆದದ್ದು ಮೆಟ್ಟಿಲು ಇಳಿದ ಮೇಲೆ.
ಅರ್ಜಿ ಬರೆದುಕೊಟ್ಟೆ, ಮೂರು ಪ್ರತಿ.

ಕೊಟ್ಟರು, ಒಂದೇ ಆಜ್ಞೆಯ ಮಟ್ಟಿಗೆ:
ಎಲ್ಲವನ್ನೂ ಓದು, ಯಾವುದನ್ನೂ ಬರೆಯಬೇಡ.
ಇತ್ತ ನನ್ನ ಯಂತ್ರಕ್ಕೂ ತಾಕೀತು ಮಾಡಿದೆ:
ಬಂದವರ ಹೆಸರು ಕೇಳಬೇಡ, ಅಂಕಿ ಬರೆದುಕೋ,
ಗಂಟು ಇದ್ದ ಹಾಗೇ ಇಳಿಸಿಕೋ.

ಎರಡನೇ ರಾತ್ರಿ ಒಂದೂ ಅಡ್ಡ ಸಾಲಿಲ್ಲ.
ಬೆಳಿಗ್ಗೆ ಪಟ್ಟಿ ತೆರೆದರೆ
ಸೇಡಂನ ಹನ್ನೆರಡು ಸಾವಿರ ಕಡತಕ್ಕೆ ಒಡೆಯ: ಸಂಗಮೇಶ.
ನಮ್ಮ ಹೊಸ ಹುಡುಗ, ಹುಮನಾಬಾದಿನವನು,
ಇನ್ನೂ ಮೊದಲ ಪಗಾರ ಕಂಡಿಲ್ಲ.
ಇಲ್ಲಿ ಅವನ ಅಂಕಿ ಸಾವಿರದ ಏಳು.
ಅಲ್ಲಿ ಸಾವಿರದ ಏಳು ಯಾರು?

ಸೇಡಂ ಬಸ್ತಾ ಯಾರು ಸ್ಕ್ಯಾನ್ ಮಾಡಿದ್ದು, ಕೇಳಿದೆ.
ರುಕ್ನುದ್ದೀನ್ ತುಸು ಹೊತ್ತು ಸುಮ್ಮನಿದ್ದರು.
"ಗುರುಪಾದಪ್ಪ ಗುಮಾಸ್ತರು. ಒಬ್ಬರ ಮಾಡಿದ್ರು, ಎರಡ ವರ್ಷ.
ಹೋದ ಶ್ರಾವಣದಾಗ ತೀರ್ಕೊಂಡ್ರು.
ಅವರ ಕುರ್ಚಿ ಇನ್ನೂ ಯಾರಿಗೂ ಕೊಟ್ಟಿಲ್ಲ."

ಚಹಾ ತಂದ ಸಂಗಮೇಶ ತನ್ನ ಹೆಸರು ಕಂಡು ಬೆವತ.
"ಅಕ್ಕಾರ, ನಂದೇನರ ತಪ್ಪಾತೇನ್ರಿ?"
ಇಲ್ಲಪ್ಪ. ಮುಟ್ಟಬೇಡ, ತಿದ್ದಬೇಡ.
ತಿರುಗಿ ಕಲಬುರಗಿಗೆ ಹೋದ ದಿನ
ಅಂಕಿ ತನ್ನ ಹೆಸರು ತಾನೇ ಹುಡುಕಿಕೊಳ್ಳುತ್ತದೆ.
ಅಲ್ಲೀತನಕ ಇದು ನಿನ್ನ ಹೆಸರಿನಲ್ಲಿರುತ್ತದೆ,
ನಿನ್ನದಲ್ಲ.

ಅವನು ಲೋಟ ಎರಡೂ ಕೈಯಲ್ಲಿ ಹಿಡಿದು,
ಪರದೆ ನೋಡಲೋ ಬೇಡವೋ ತಿಳಿಯದೆ,
ಬಾಗಿಲಲ್ಲೇ ನಿಂತಿದ್ದ.