ಕಲಕಬೇಡ

ಹೆಡ್ಲಿ ದೋಣಿಯಲ್ಲಿ ತಂದದ್ದು ಎರಡು ಕಟ್ಟು:
ಒಂದು ನನಗೆ, ಒಂದು ಎದುರುಮನೆಯ ನಾದಿನಿ ಡ್ರುಸಿಲ್ಲಾಗೆ.
ಹಳೇ ಬಲೆಯ ದಾರ ಸುತ್ತಿ ಮೆಟ್ಟಿಲ ಮೇಲಿಟ್ಟ,
ಬೂಟಿನ ಉಪ್ಪುನೀರನ್ನೂ ಅಲ್ಲೇ ಬಿಟ್ಟು ಹೋದ.

ಸ್ಕಲ್ಪಿನ್ ಕೋವ್‌ನಲ್ಲಿ ಈಗ ಯಾರೂ ಇಲ್ಲ.
ಡಿಸೆಂಬರ್ ಕೊನೆಗೆ ಕರೆಂಟು ಕಿತ್ತರು, ಫೆರಿ ನಿಲ್ಲಿಸಿದರು,
ಚರ್ಚಿನ ಗಂಟೆಯನ್ನು ರಜಾಯಿಯಲ್ಲಿ ಸುತ್ತಿ ತಂದೆವು, ಬಾಣಂತಿಯ ಕೂಸಿನ ಹಾಗೆ.
ರೂಬಾರ್ಬಿಗೆ ಮಾತ್ರ ಯಾರೂ ನೋಟೀಸು ಕೊಟ್ಟಿರಲಿಲ್ಲ.
ಅತ್ತೆ ನೆಟ್ಟ ಮಡಿ ಅದು,
ಬುಡಕ್ಕೆ ಕ್ಯಾಪ್ಲಿನ್ ಮೀನು ಹೂತು ಬೆಳೆಸಿದ್ದು.
ಹಿಮ ಕರಗಿದ್ದೇ ತಡ, ಬೀಗ ಹಾಕಿದ ಮನೆಯ ಹಿತ್ತಿಲಲ್ಲಿ
ಈಗಲೂ ಕೆಂಪು ಮುಷ್ಟಿ ಎತ್ತಿಕೊಂಡು ಏಳುತ್ತದಂತೆ.

ಎಲೆ ಕೊಯ್ದು ಎಸೆದೆ.
ಎಲೆ ವಿಷ, ದಂಟು ಊಟ, ಬೇರು ಒಂದೇ.
ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅತ್ತೆ ಥರ್ಜಾಳ ಕೈಬರಹದ ಕಾರ್ಡು, ಅಂಚಿಗೆ ಜಿಡ್ಡು.
ಬೆಣ್ಣೆ: ಮೊಟ್ಟೆಯಷ್ಟು. ಸಕ್ಕರೆ: ಇದ್ದಷ್ಟು.
ಒಲೆಯ ಬಿಸಿ ಎಷ್ಟೆಂದು ಬರೆದಿಲ್ಲ;
ಅವಳ ಒಲೆಗೆ ಅದು ಸೌದೆಗೆ ಸಂಬಂಧಪಟ್ಟ ಮಾತು.
ಕೊನೆಯ ಸಾಲಿನ ಕೆಳಗೆ ಮಾತ್ರ ಎರಡು ಗೆರೆ:
ಕುದಿನೀರು ಮೇಲಿಂದ ಹುಯ್ಯಿ. ಕಲಕಬೇಡ.

ಊರು ಬಿಡುವುದೋ ಬೇಡವೋ ಎಂದು ಮೊದಲ ಸಲ ಚೀಟಿ ಹಾಕಿದಾಗ
ಎಪ್ಪತ್ತು ಜನ. ಬೇಕಿದ್ದದ್ದು ಅರವತ್ತಮೂರು.
ಬಿದ್ದದ್ದು ಅರವತ್ತೆರಡು.
ಒಲ್ಲೆ ಎಂದವರಲ್ಲಿ ಏಳು ಮಂದಿ ಬಾಯಿಬಿಟ್ಟೇ ಹೇಳಿದ್ದರು.
ಎಂಟನೆಯವಳು ಡ್ರುಸಿಲ್ಲಾ ಎಂದು ಊರೇ ತೀರ್ಮಾನಿಸಿತು,
ಹಿಂದಿನ ಸಂಜೆ ಅವಳು ದಕ್ಕೆಯಲ್ಲಿ ಅತ್ತಿದ್ದಳಲ್ಲ, ಅದಕ್ಕೆ.
ಯಾರೋ ಅವಳ ಬೇಲಿ ಮುರಿದರು.
ಅವಳು ಅಂಗಡಿಗೆ ಬಂದರೆ ತಕ್ಕಡಿಯೊಂದೇ ಮಾತಾಡುತ್ತಿತ್ತು.
ಹುಳಿ ಹಿಂಡಿದವಳು, ಅಂದರು.
ಮೂರು ಚಳಿಗಾಲ, ಸರ್ಕಾರದ ದುಡ್ಡು ಬರುವ ತನಕ,
ನನ್ನ ಗಂಡ ಎಫ್ರಮ್ ಒಡಹುಟ್ಟಿದ ತಂಗಿಯ ಹೆಸರೆತ್ತಲಿಲ್ಲ.
ಆಮೇಲೆ ಎತ್ತಲು ಅವನೇ ಉಳಿಯಲಿಲ್ಲ.

ಆ ಚೀಟಿ ನನ್ನದು.

ಯಾಕೆಂದರೆ, ಹೇಳಿಕೊಳ್ಳುವಂಥ ದೊಡ್ಡ ಕಾರಣವೇನಿಲ್ಲ.
ಪೆನ್ಸಿಲು ಹಿಡಿದಾಗ ಕಿಟಕಿಯಲ್ಲಿ ನನ್ನ ಬಟ್ಟೆಯ ತಂತಿ ಕಂಡಿತು.
ಅಂಗಿಗಳೆಲ್ಲ ಗಾಳಿಗೆ ಕಡಲ ಕಡೆಗೇ ತೋಳು ಚಾಚಿದ್ದವು.

ದಂಟಿನ ತುಂಡು ತಳಕ್ಕೆ. ಅದರ ಮೇಲೆ ಹಿಟ್ಟು.
ಅದರ ಮೇಲೆ ಸಕ್ಕರೆ, ಕಾರ್ನ್‌ಫ್ಲೋರು.
ಕೆಟಲ್ ಬಗ್ಗಿಸಿದೆ.
ನೋಡಿದವರು ಹಾಳಾಯಿತು ಅನ್ನಬೇಕು, ಹಾಗೆ ಕಾಣುತ್ತದೆ:
ತಳ ಬಿಟ್ಟ ದೋಣಿ, ತೇಲುವ ಬಿಳಿ ನೊರೆ.
ಕೈ ತಾನಾಗಿ ಚಮಚಕ್ಕೆ ಹೋಯಿತು.
ಹಿಂದಕ್ಕೆ ತೆಗೆದುಕೊಂಡು ಸೊಂಟದ ಮೇಲಿಟ್ಟುಕೊಂಡೆ.

ಮುಕ್ಕಾಲು ಗಂಟೆ.
ಗಾಜಿನ ಹಿಂದೆ ನೀರು ತನ್ನ ದಾರಿ ಹುಡುಕಿ ಇಳಿಯಿತು,
ಹಿಟ್ಟು ಅದನ್ನು ದಾಟಿ ಮೇಲೆ ಬಂತು.
ಹುಳಿಯೂ ಸಿಹಿಯೂ ಕೆಳಗೆಲ್ಲೋ
ಗುಳುಗುಳು ಎಂದು ಲೆಕ್ಕ ತೀರಿಸಿಕೊಳ್ಳುತ್ತಿದ್ದವು.
ಮೇಲೆ ಸಕ್ಕರೆಯ ತೆಳು ಹಾಳೆ,
ಏಪ್ರಿಲ್‌ನ ಮಂಜುಗಡ್ಡೆಯಂತೆ ಬಿರುಕುಬಿಟ್ಟದ್ದು.

ಹೀಗೆಂದು ಯೋಚಿಸಿದ್ದೆ: ತಣಿಯಲಿ, ಒಳ್ಳೆಯ ತಟ್ಟೆಗೆ ಹಾಕೋಣ,
ಮಾತು ಜೋಡಿಸಿಕೊಳ್ಳೋಣ.
ಅಷ್ಟರಲ್ಲಿ ಒಂದು ಮೂಲೆ ತಿಂದುಬಿಟ್ಟೆ, ನಿಂತೇ, ನಾಲಗೆ ಸುಟ್ಟುಕೊಂಡು.
ಮೂಲೆ ಮುರಿದದ್ದನ್ನು ಯಾರಿಗೆ ಕೊಡುವುದು?
ಆದರೂ ಟವೆಲಿನಲ್ಲಿ ಪಾತ್ರೆ ಹಿಡಿದು ರಸ್ತೆ ದಾಟಿದೆ,
ಮನೆ ಚಪ್ಪಲಿಯಲ್ಲೇ.

ಬಾಗಿಲು ತೆರೆದ ಡ್ರುಸಿಲ್ಲಾಳ ಬೆರಳೂ ಕೆಂಪಗಿತ್ತು.
ಅವಳ ಹಿಂದೆ ಅಡುಗೆಮನೆಯಿಂದ ಅದೇ ವಾಸನೆ.
ಪಾತ್ರೆ ನೋಡಿದಳು, ಮುರಿದ ಮೂಲೆ ನೋಡಿದಳು.
"ಕಲಕಿಲ್ಲ ತಾನೆ?" ಅಂದಳು.

ಇಲ್ಲ, ಅನ್ನಲು ಬಾಯಿ ತೆರೆದೆ.
ಸುಟ್ಟ ನಾಲಗೆಗೆ ಬೇರೆಯೇ ಮಾತು ಸಿಕ್ಕಿತು.