ಅರ್ಥವಿಲ್ಲದ ಇಪ್ಪತ್ತು

ಜೂನ್ ತಿಂಗಳು. ಲಿಂಕನ್‌ಶೈರಿನ ಚಪ್ಪಟೆ ನೆಲ,
ಎಲೆಕೋಸಿನ ಸಾಲು ಮುಗಿಯುವಲ್ಲಿ ನಮ್ಮ ಶಾಲೆ.
ಪುಸ್ತಕದ ಕೋಣೆಗೆ ಒಬ್ಬೊಬ್ಬರನ್ನೇ ಕರೆಯುತ್ತೇನೆ.
ಎರಡು ಪುಟ್ಟ ಕುರ್ಚಿ, ಒಂದರ ಮೇಲೆ ನನ್ನ ದೊಡ್ಡ ದೇಹ.

ನಲವತ್ತು ಪದ. ಇಪ್ಪತ್ತಕ್ಕೆ ಅರ್ಥವಿಲ್ಲ.
ಅರ್ಥವಿಲ್ಲದ್ದರ ಪಕ್ಕ ಒಂದೊಂದು ಅನ್ಯಗ್ರಹದ ಪ್ರಾಣಿ:
ಮೂರು ಕಣ್ಣು, ಹಸಿರು ಹೊಟ್ಟೆ, ಬುಗುರಿಯಂಥ ಕಾಲು.
ಅದರ ಹೆಸರು ಇದು, ಪುಟ್ಟಾ, ಓದಿ ಕರೆ.

ಬಿಮ್. ಕ್ವೆಬ್. ಗುರ್ಡ್. ಫೆಪ್.
ವರ್ಷವಿಡೀ ಅರೆದದ್ದು ಇದನ್ನೇ:
ಸದ್ದು ಒಡೆ, ಒಡೆದದ್ದನ್ನು ಕೂಡಿಸು,
ನೆನಪಿನ ಗೋಡೆ ಹಿಡಿಯದೆ ನಡೆ.
ಒಪ್ಪುತ್ತೇನೆ, ಇದರಲ್ಲಿ ನ್ಯಾಯವಿದೆ.
ಗುರುತಿಲ್ಲದ ಪದದ ಬಾಗಿಲಲ್ಲಿ ಒಂಟಿ ನಿಂತಾಗ
ಕೀಲಿ ಕೈಯಲ್ಲಿರಬೇಕು.
ನನ್ನ ತಮ್ಮನಿಗೆ ಯಾರೂ ಕೊಡಲಿಲ್ಲ.
ನಲವತ್ತೆರಡು ವರ್ಷ; ಇವತ್ತಿಗೂ ಹೋಟೆಲಿನಲ್ಲಿ
ಚಿತ್ರ ನೋಡಿ ಊಟ ಹೇಳುತ್ತಾನೆ.

ನಿಯಮ: ಮುಖದಲ್ಲಿ ಏನೂ ತೋರಬಾರದು.
ಸರಿ ಎನ್ನಬಾರದು, ತಪ್ಪೂ ಎನ್ನಬಾರದು.
ಹುಬ್ಬುಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ.

ಕಾರ್ಬಿನ್ ಬಂದ. ಮೊಣಕಾಲಿಗೆ ಪಟ್ಟಿ,
ಹಲ್ಲು ಬಿದ್ದ ಕಿಂಡಿ; ಫೆಪ್ ಅಂದಾಗ
ಆ ಕಿಂಡಿಯಿಂದ ಒಂದು ಸಿಳ್ಳೆ.
ಸ್ಟ್ರೊಮ್ ಎಂದಿತ್ತು. ನೋಡಿದ.
ಪಾಪ, ಅಕ್ಷರಗಳು ಜಾಗ ತಪ್ಪಿವೆ ಎಂದು
ತಾನೇ ಕೈಹಿಡಿದು ಸರಿಸಿ ಕೂರಿಸಿ
'ಸ್ಟಾರ್ಮ್' ಎಂದ. ಬಿರುಗಾಳಿ.
ಕಡಲಕಟ್ಟೆ ದಾಟಿ ಅಜ್ಜಿಯ ಅಡುಗೆಮನೆಗೆ ನೀರು ನುಗ್ಗಿದ್ದು,
ಫ್ರಿಜ್ ದೋಣಿಯಾಗಿ ತೇಲಿದ್ದು,
ನೂರು ಸಲ ಹೇಳಿದ್ದಾನೆ.
ತಪ್ಪು ಹಾಕಿದೆ. ಪೆನ್ನು
ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.

ಅವನಾದ ಮೇಲೆ ಯಾಗೊದಾ.
ಸೆಪ್ಟೆಂಬರಿನಲ್ಲಿ ಪೋಲೆಂಡಿನಿಂದ ಬಂದಾಗ
ಬಾಯಾರಿದರೂ ಬೆರಳು ತೋರಿಸುತ್ತಿದ್ದಳು.
ಅಮ್ಮನಿಗೆ ಪ್ಯಾಕಿಂಗ್ ಶೆಡ್ಡಿನಲ್ಲಿ ರಾತ್ರಿಪಾಳಿ,
ಹೂಕೋಸಿಗೆ ಪ್ಲಾಸ್ಟಿಕ್ ಸುತ್ತುವ ಕೆಲಸ.
ಅವಳಿಗೆ ನಲವತ್ತೂ ಪದ ಒಂದೇ ಗ್ರಹದವು.
ನಿಜ ಯಾವುದು, ಹುಸಿ ಯಾವುದು ಕೇಳದೆ
ಕತ್ತಲಲ್ಲಿ ಮೆಟ್ಟಿಲಿಳಿವ ಹಾಗೆ ಇಳಿದಳು,
ಒಂದೊಂದಕ್ಕೂ ಕಾಲೂರಿ.

ಹದಿನೇಳನೆಯದು: ಡೊಮ್.
ಓದಿದಳು. ಆಮೇಲೆ ಚಿತ್ರ ನೋಡಿದಳು.
ನೀಲಿ ಮೈ, ಎರಡು ಕೊಂಬು, ಪೆದ್ದು ನಗು.
ಮತ್ತೆ ಪದ. ಮತ್ತೆ ಚಿತ್ರ.
'ಮಿಸ್, ಇದು ಮನೆ.'
ಬಾಗಿಲು ಎಲ್ಲೂ ಕಾಣಲಿಲ್ಲವೇನೋ,
ಹಾಳೆ ತಿರುಗಿಸಿ ಹಿಂದೆಯೂ ನೋಡಿದಳು.
'ನಮ್ಮಲ್ಲಿ ಮನೆ.'

ಹುಬ್ಬುಗಳು ಹೇಗೋ ದಾರಿ ಹುಡುಕಿಕೊಂಡು ಬಂದುಬಿಟ್ಟವು.

ಸದ್ದಿಗೆ ಸರಿ ಹಾಕಿದೆ.
ಮನೆಗೆ ಆ ಹಾಳೆಯಲ್ಲಿ ಜಾಗವಿರಲಿಲ್ಲ.
ಅರ್ಥವಿಲ್ಲದ ಇಪ್ಪತ್ತು ಎಂದು ಮೇಲೆ ಬರೆದವರು
ಎಷ್ಟು ಊರು ಸುತ್ತಿ, ಎಷ್ಟು ಕದ ತಟ್ಟಿ,
ವಿಚಾರಿಸಿ ಬಂದಿದ್ದರೋ.

ಮೂರೂಕಾಲಕ್ಕೆ ಗೇಟಿನಲ್ಲಿ ಅವಳಮ್ಮ,
ಹೊಳೆಯುವ ಹಳದಿ ಜಾಕೀಟು, ನಿದ್ದೆ ಸಾಲದ ಕಣ್ಣು.
ಸುಮ್ಮನಿರಲಾರದೆ ಹೇಳಿದೆ: 'ಡೊಮ್.'
ಅವಳಿಗೆ ತಿಳಿಯಲಿಲ್ಲ. ಮತ್ತೆ ಹೇಳಿದೆ,
ಗಾಳಿಯಲ್ಲಿ ಬೆರಳಿಂದ ಸೂರು ಬರೆದೆ.
ಓ, ಎಂದು ನಕ್ಕಳು. 'ದೊಮ್.'
ನಾಲಿಗೆ ಅಂಗಳಕ್ಕಲ್ಲ, ಹಲ್ಲಿಗೆ ತಾಗಬೇಕು,
ಬಾಯಿ ತೆರೆದು ತೋರಿಸಿಕೊಟ್ಟಳು.

ಡೊಮ್, ಎಂದೆ. ಡ... ದ್... ಡೊಮ್.
ಬೇಲಿಯ ಪಕ್ಕ ಯಾಗೊದಾ
ನನ್ನ ಬಾಯನ್ನೇ ನೋಡುತ್ತಿದ್ದಳು,
ಮುಖದಲ್ಲಿ ಏನೂ ತೋರದೆ.