ತುದಿಯಿಂದ

ಬ್ಲೂಮ್‌ಫಾಂಟೇನಿನ ನನ್ನ ಸಲೂನಿನಲ್ಲಿ ಮೂವತ್ತೊಂದು ವರ್ಷ
ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದೆ:
"ಕ್ಷಮಿಸಿ, ಆ ಕೂದಲು ನನ್ನ ಕೈಗೆ ಬಗ್ಗದು."
ದ್ವೇಷವೇ? ಛೆ.
ಕಾಫಿಗೆ ಸಕ್ಕರೆ ಬೇಡವೆನ್ನುತ್ತೇವಲ್ಲ,
ಅಷ್ಟೇ, ನನ್ನ ಇಷ್ಟ, ಎಂದುಕೊಂಡಿದ್ದೆ.

ಕೈಗೆ ಯಾರು ಕಲಿಸಿದ್ದೆಂದು ಕೇಳಿರಲಿಲ್ಲ.
ಕಾಲೇಜಿನ ಮೇಜಿನ ಮೇಲೆ ಹನ್ನೆರಡು ಗೊಂಬೆತಲೆ,
ಹನ್ನೆರಡಕ್ಕೂ
ಮುಸುಕಿನ ಜೋಳದ ಎಳೆಬಣ್ಣದ ನೇರ ಕೂದಲು.
ಪಾಸಾದೆವು ಎಲ್ಲರೂ.

ಶನಿವಾರ, ಮುಚ್ಚುವ ಹೊತ್ತು.
ಹನ್ನೊಂದು ವರ್ಷದಿಂದ ಇಲ್ಲಿ
ಬೇರೆಯವರ ಕೂದಲು ಗುಡಿಸಿದ ಡಿಸೆಬೊ
ಪೊರಕೆ ಗೋಡೆಗೊರಗಿಸಿ
ಕುರ್ಚಿಯಲ್ಲಿ ಕೂತಳು.
"ನಾಳೆ ಮಗಳ ಮದುವೆ" ಎಂದಳು.
ಕೇಳಲಿಲ್ಲ. ಕೂತಳು.

ಬುಡದಿಂದ ಬಾಚಿದೆ. ಅವಳ ಕಣ್ಣಲ್ಲಿ ನೀರು.
"ಒದ್ದೆ ಮಾಡಿ, ಮೇಡಂ.
ತುದಿಯಿಂದ ಬಿಡಿಸಿ. ಬುಡ ಕೊನೆಗೆ."

ಮೂರು ಗಂಟೆ ಹಿಡಿಯಿತು.
ಐವತ್ತೆಂಟರ ಬೆರಳು
ಅಕ್ಷರ ತಿದ್ದುವ ಮಗುವಿನಂತೆ ತಡವರಿಸಿತು.
ಚೆನ್ನಾಗಿ ಬಂತೆಂದರೆ ಸುಳ್ಳಾದೀತು,
ಎಡಕ್ಕೊಂದು ಜಡೆ ಸೊಟ್ಟ.

ಕನ್ನಡಿ ನೋಡಿಕೊಂಡಳು, ಏನೂ ಅನ್ನಲಿಲ್ಲ.
ನೋಟು ಎಣಿಸಿ ಇಟ್ಟಳು.
ಬೇಡ, ಬೇಡ ಎಂದೆ ನಾನು, ದೊಡ್ಡ ಮನಸ್ಸಿನವಳ ಹಾಗೆ.
"ಎಲ್ಲರ ಹತ್ತಿರ ತಗೊಳ್ತೀರಲ್ಲ" ಎಂದು
ಚಿಲ್ಲರೆಗೆ ಕೈಚಾಚಿ ನಿಂತಳು.